ಮೊದಲು ಇಸವಿ ನೋಡಿ

ನಾರ್ವೆಯ ಪತ್ತೇದಾರಿ ಕಾದಂಬರಿಗಳನ್ನು ಇಂಗ್ಲಿಷಿನಲ್ಲಿ ಓದಲು ಹೊರಟವರಿಗೆ ನನ್ನದೊಂದೇ ಮಾತು: ಕತೆಗೆ ಇಳಿಯುವ ಮುನ್ನ ಮೂಲ ಕೃತಿ ಯಾವ ವರ್ಷದ್ದೆಂದು ನೋಡಿಕೊಳ್ಳಿ. ಅನುವಾದಗಳು ಅದೇ ಸರದಿಯಲ್ಲಿ ಬಂದಿಲ್ಲ.

ಜೋ ನೆಸ್ಬೊ ಅವರನ್ನೇ ತೆಗೆದುಕೊಳ್ಳಿ. ಪೊಲೀಸ್ ಅಧಿಕಾರಿ ಹ್ಯಾರಿ ಹೋಲ್‌ನ ಮೊದಲ ಕತೆ 'ದಿ ಬ್ಯಾಟ್' 1997ರದು; ಇಂಗ್ಲಿಷಿಗೆ ಬಂದದ್ದು 2012ರಲ್ಲಿ! 'ದಿ ರೆಡ್‌ಬ್ರೆಸ್ಟ್', 'ನೆಮೆಸಿಸ್', 'ದಿ ಡೆವಿಲ್ಸ್ ಸ್ಟಾರ್' ಈ ಮೂರರಲ್ಲೂ ಒಂದು ಸಾವಿನ ಗುಟ್ಟು ಎಳೆಯಾಗಿ ಹರಿಯುತ್ತದೆ. ಆದರೆ ಇಂಗ್ಲಿಷ್ ಓದುಗರ ಕೈಗೆ ಮೊದಲು ಸಿಕ್ಕಿದ್ದು ಮೂರನೆಯದು, 2005ರಲ್ಲಿ. ಅದನ್ನೇ ಮೊದಲು ಓದಿದರೆ ಹಿಂದಿನೆರಡರ ಸ್ವಾರಸ್ಯ ಸೋರಿಹೋಗುತ್ತದೆ. ದಯವಿಟ್ಟು 'ರೆಡ್‌ಬ್ರೆಸ್ಟ್'ನಿಂದ ಶುರುಮಾಡಿ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಪರ ಹೋರಾಡಿದ ನಾರ್ವೇಜಿಯನ್ನರ ಗಾಯವನ್ನು ಅದು ಕೆದಕುತ್ತದೆ. ಪತ್ತೇದಾರಿಕೆಯ ಆಚೆಗೂ ಅದು ದೊಡ್ಡ ಕಾದಂಬರಿ.

ರಕ್ತಪಾತ ಸೇರದವರು ಕಾರಿನ್ ಫೊಸ್ಸುಮ್ ಅವರನ್ನು ಓದಿ. ಕವಿತೆಯಿಂದ ಬರವಣಿಗೆ ಆರಂಭಿಸಿದವರು ಅವರು. ಅವರ ಇನ್‌ಸ್ಪೆಕ್ಟರ್ ಸೇಯರ್ ಮೆಲುಮಾತಿನ ವಿಧುರ. 'ಡೋಂಟ್ ಲುಕ್ ಬ್ಯಾಕ್'ನಲ್ಲಿ ಕೊಲೆಗಾರನಿಗಿಂತ, ಮಗಳನ್ನು ಕಳೆದುಕೊಂಡ ಮನೆಯ ಮೌನವೇ ನನ್ನನ್ನು ಬಹಳ ದಿನ ಕಾಡಿತು.