ಒಗ್ಗರಣೆಗೆ ಮೊದಲು ನಾಯಿಯ ಪಾಲು: ಹಬ್ಬದ ಮನೆತಿನಿಸಿನ ಮುಖ್ಯಾಂಶಗಳು

(ಪಶುಸಂಗೋಪನೆ, ಸಾಮಾನ್ಯ ವಿಜ್ಞಾನ ಪರೀಕ್ಷೆಗೆ ಓದುವವರಿಗೆ; ಮನೆಯಲ್ಲಿ ನಾಯಿ ಇರುವ ಎಲ್ಲರಿಗೂ)

ಮೂಲ ಅಂಶ

ಹಬ್ಬದಡುಗೆಯಲ್ಲಿ ನಾಯಿಗೆ ಕೇಡು ಮಾಡುವುದು ರಾಗಿ, ಅಕ್ಕಿ, ಮೊಟ್ಟೆ, ಮಾಂಸವಲ್ಲ. ಆಮೇಲೆ ಬೀಳುವ ಉಪ್ಪು, ಬೆಲ್ಲ, ಈರುಳ್ಳಿ, ಬೆಳ್ಳುಳ್ಳಿ, ಹುಣಸೆ, ದ್ರಾಕ್ಷಿ, ಎಣ್ಣೆ ಕೇಡು ಮಾಡುತ್ತವೆ. ಹಾಗಾಗಿ ನಾಯಿಯ ಪಾಲನ್ನು ಇವು ಬೀಳುವ ಮೊದಲೇ ಬೇರೆ ಪಾತ್ರೆಗೆ ಎತ್ತಿಡಬೇಕು. ಊಟ ಮುಗಿದ ಮೇಲೆ ಎಲೆಯಲ್ಲಿ ಉಳಿದದ್ದನ್ನು ಬಳಿದು ಹಾಕುವುದು ಪ್ರೀತಿಯಿಂದಲೇ ಆದರೂ ಅಪಾಯ.

ಸ್ಥಳದ ಹಿನ್ನೆಲೆ: ನಾಯಿಯ ಮಾತಿಗೆ ವಿದುರಾಶ್ವತ್ಥವೇ ಏಕೆ

ವಿದುರಾಶ್ವತ್ಥ: ಚಿಕ್ಕಬಳ್ಳಾಪುರ ಜಿಲ್ಲೆ, ಗೌರಿಬಿದನೂರು ತಾಲ್ಲೂಕು, ಉತ್ತರ ಪಿನಾಕಿನಿ ದಂಡೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದವರ ಮೇಲೆ ಗೋಲಿಬಾರ್ ನಡೆದ ಊರು. ‘ದಕ್ಷಿಣದ ಜಲಿಯನ್‌ವಾಲಾಬಾಗ್’ ಎಂಬ ಹೆಸರು. ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ.

ಇಲ್ಲಿನ ಅಶ್ವತ್ಥವನ್ನು ವಿದುರ ನೆಟ್ಟನೆಂಬುದು ಸ್ಥಳಪುರಾಣ. ಹಳೆಯ ಮರ 2001ರಲ್ಲಿ ಬಿತ್ತು; ಸುತ್ತಲಿನ ಸಾಲು ಸಾಲು ನಾಗರಕಲ್ಲುಗಳು ಉಳಿದಿವೆ. ಮಾಂಡವ್ಯ ಮುನಿಯ ಶಾಪದಿಂದ ವಿದುರನಾಗಿ ಹುಟ್ಟಿದವನು ಯಮಧರ್ಮ. ಮಹಾಭಾರತದ 18 ಪರ್ವಗಳಲ್ಲಿ 17ನೆಯದಾದ ಮಹಾಪ್ರಸ್ಥಾನಿಕ ಪರ್ವದಲ್ಲಿ ಯುಧಿಷ್ಠಿರನ ಹಿಂದೆ ಕೊನೆಯವರೆಗೂ ನಡೆದ ನಾಯಿಯೂ ಅದೇ ಧರ್ಮ. ಆ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆ ಎಂದವನು ಯುಧಿಷ್ಠಿರ. ವಿದುರನ ಹೆಸರಿನ ಊರಿನಲ್ಲಿ ನಾಯಿಗೆ ತಿನ್ನಲು ಕೊಡುವ ಮಾತು ಹೊರಗಿನಿಂದ ತಂದದ್ದಲ್ಲ ಎಂದು ನಾನು ನಂಬುತ್ತೇನೆ.

ನಾಗರಕಲ್ಲಿಗೆ ಎರೆದ ಹಾಲು, ಇಟ್ಟ ತಂಬಿಟ್ಟು, ಚಿಗಳಿ ನಾಯಿಯ ಬಾಯಿಗೆ ಹೋಗುವುದುಂಟು. ಇವುಗಳಲ್ಲಿನ ಎಳ್ಳು, ಬೆಲ್ಲ ವಿಷವಲ್ಲ, ಆದರೆ ಹೆಚ್ಚಾದರೆ ಭೇದಿ. ಮರಿ ಬೆಳೆದಂತೆ ಲ್ಯಾಕ್ಟೇಸ್ ಕಿಣ್ವ ಕಡಿಮೆಯಾಗುವುದರಿಂದ ದೊಡ್ಡ ನಾಯಿಗೆ ಹಾಲಿಗಿಂತ ಮೊಸರು ಲೇಸು.

ದ್ರಾಕ್ಷಿ: ಈ ಜಿಲ್ಲೆಯವರು ಮೊದಲು ಓದಬೇಕಾದ ಅಂಶ

ಚಿಕ್ಕಬಳ್ಳಾಪುರ ದ್ರಾಕ್ಷಿಯ ಸೀಮೆ. ‘ಬೆಂಗಳೂರು ನೀಲಿ’ ತಳಿಗೆ 2013ರಲ್ಲಿ ಭೌಗೋಳಿಕ ಸೂಚಿ (ಜಿಐ) ಮಾನ್ಯತೆ ಸಿಕ್ಕಿತು. ‘ದಿಲ್‌ಖುಷ್’ ಕೂಡ ಇಲ್ಲಿ ಬೆಳೆಯುತ್ತದೆ. ಮನುಷ್ಯರಿಗೆ ಹಿತವಾದ ಈ ಹಣ್ಣು ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು.

ದ್ರಾಕ್ಷಿ, ಒಣದ್ರಾಕ್ಷಿಗೂ ನಾಯಿಗಳ ಮೂತ್ರಪಿಂಡ ವೈಫಲ್ಯಕ್ಕೂ ನಂಟಿದೆಯೆಂದು ಅಮೆರಿಕದ ಪಶುವೈದ್ಯ ಪತ್ರಿಕೆಯಲ್ಲಿ 2001ರಲ್ಲಿ ವರದಿಯಾಯಿತು. ಆದರೆ ಹಣ್ಣಿನಲ್ಲಿರುವ ಯಾವ ಅಂಶ ಕಾರಣ ಎಂಬುದು ಇಪ್ಪತ್ತು ವರ್ಷ ಗೊತ್ತಾಗಲಿಲ್ಲ. 2021ರಲ್ಲಿ ಅಲ್ಲಿನ ವಿಷಚಿಕಿತ್ಸಾ ಕೇಂದ್ರವೊಂದರ ವೈದ್ಯರು ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಮುಂದಿಟ್ಟರು. ಟಾರ್ಟಾರಿಕ್ ಲವಣ ಬೆರೆಸಿ ಮನೆಯಲ್ಲಿ ಮಾಡಿದ ಆಟದ ಹಿಟ್ಟನ್ನು ತಿಂದ ನಾಯಿಯಲ್ಲಿ ಅದೇ ಲಕ್ಷಣಗಳು ಕಂಡದ್ದು ಅವರಿಗೆ ಸಿಕ್ಕ ಸುಳಿವು. ಹಣ್ಣಿನ ತಳಿ, ಮಾಗಿದ ಹದಕ್ಕೆ ತಕ್ಕಂತೆ ಆಮ್ಲದ ಪ್ರಮಾಣ ಬದಲಾಗುವುದರಿಂದ ‘ಇಷ್ಟು ತಿಂದರೆ ಏನೂ ಆಗದು’ ಎಂಬ ಲೆಕ್ಕ ಇಲ್ಲ.

- ಲಕ್ಷಣ: ಸಾಮಾನ್ಯವಾಗಿ ಮೊದಲ 24 ಗಂಟೆಯೊಳಗೆ ವಾಂತಿ, ಮಂಕುತನ, ಊಟ ಬಿಡುವುದು, 1ರಿಂದ 3 ದಿನದಲ್ಲಿ ಮೂತ್ರ ಇಳಿಯುತ್ತಾ ನಿಂತುಹೋಗಬಹುದು.
- ಒಣದ್ರಾಕ್ಷಿಯಲ್ಲಿ ನೀರು ಕಡಿಮೆಯಿರುವುದರಿಂದ ತೂಕಕ್ಕೆ ತೂಕ ಇನ್ನೂ ತೀಕ್ಷ್ಣ. ಪಾಯಸ, ಕೇಸರಿಬಾತ್, ಲಾಡು, ಕ್ರಿಸ್‌ಮಸ್‌ನ ಪ್ಲಮ್ ಕೇಕ್ ಎಲ್ಲವೂ ಇದೇ ಸಾಲಿಗೆ.

ತೋಟದ ಮನೆಗಳಲ್ಲಿ ಉದುರಿದ ಗೊಂಚಲನ್ನು ಗುಡಿಸಿ ತೆಗೆಯುವುದು ಕಾವಲು ನಾಯಿಗೆ ಕೊಡುವ ಎಲ್ಲ ತಿನಿಸಿಗಿಂತ ದೊಡ್ಡ ಉಪಕಾರ.

ಹುಣಸೆ

ಮೇಲಿನ ಅಂಶದ ಮುಂದುವರಿಕೆ. ಹುಣಸೆಹಣ್ಣಿನ ಹುಳಿಗೂ ಮುಖ್ಯ ಕಾರಣ ಟಾರ್ಟಾರಿಕ್ ಆಮ್ಲ. ಹುಣಸೆ ತಿಂದ ನಾಯಿಗಳಲ್ಲಿಯೂ ಮೂತ್ರಪಿಂಡದ ಹಾನಿ ದಾಖಲಾಗಿದೆ. ಹಣ್ಣು ಬಡಿದು ತೊಗಟೆ ಬಿಡಿಸುವ ಕಾಲದಲ್ಲಿ ರಾಶಿಯ ಬಳಿ ನಾಯಿಯನ್ನು ಬಿಡಬಾರದು. ಪುಳಿಯೋಗರೆಯ ಗೊಜ್ಜು ನಾಯಿಗೆ ಬೇಡ.

ಕಡಲೆಕಾಯಿ, ಮುಸುಕಿನ ಜೋಳ, ಬೂಸ್ಟು

ಕಡಲೆಕಾಯಿ, ಜೋಳ ಗೌರಿಬಿದನೂರು, ಚಿಂತಾಮಣಿ ಕಡೆಯ ಹೊಲಗಳ ಪರಿಚಿತ ಬೆಳೆಗಳು. ಸಿಪ್ಪೆ ಬಿಡಿಸಿ, ಉಪ್ಪಿಲ್ಲದೆ ಬೇಯಿಸಿದ ಅಥವಾ ಹುರಿದ ನಾಲ್ಕಾರು ಕಡಲೆಬೀಜ ಸಾಕುನಾಯಿಗೆ ತೊಂದರೆಯಲ್ಲ. ಬೂಸ್ಟು ಹಿಡಿದ ಬೀಜದ ಮಾತೇ ಬೇರೆ. ಆಸ್ಪರ್‌ಜಿಲಸ್ ಫ್ಲೇವಸ್, ಆಸ್ಪರ್‌ಜಿಲಸ್ ಪ್ಯಾರಸಿಟಿಕಸ್ ಶಿಲೀಂಧ್ರಗಳು ಉಂಟುಮಾಡುವ ಅಫ್ಲಾಟಾಕ್ಸಿನ್ ಯಕೃತ್ತನ್ನು ನಾಶಮಾಡುತ್ತದೆ. ಬೇಯಿಸಿದರೂ ಹುರಿದರೂ ಈ ವಿಷ ಪೂರ್ತಿ ಹೋಗದು.

ಅಮೆರಿಕದಲ್ಲಿ ಸಾಕುಪ್ರಾಣಿ ಆಹಾರಕ್ಕೆ ಇದರ ಮಿತಿ ಕೆ.ಜಿ.ಗೆ 20 ಮೈಕ್ರೋಗ್ರಾಂ. 2020ರ ಕೊನೆಯಲ್ಲಿ ಅಲ್ಲಿ ಮಿತಿಮೀರಿದ ಅಫ್ಲಾಟಾಕ್ಸಿನ್ ಇದ್ದ ಸಿದ್ಧ ಆಹಾರ ತಿಂದು 100ಕ್ಕೂ ಹೆಚ್ಚು ನಾಯಿಗಳು ಸತ್ತ ವರದಿಗಳು ಬಂದವು. ಅಷ್ಟು ತಪಾಸಣೆಯಿದ್ದ ಕಡೆಯೇ ಹೀಗಾದರೆ, ‘ಮನುಷ್ಯರಿಗೆ ಆಗದು, ನಾಯಿಗಾದರೂ ಆಗಲಿ’ ಎಂದು ಮೂಟೆಯ ತಳದ ಕಾಳನ್ನು ಹಾಕುವ ರೂಢಿ ಎಷ್ಟು ಅಪಾಯವೆಂದು ಯೋಚಿಸಬೇಕು. ನಮಗೆ ಆಗದ ಕಾಳು ನಾಯಿಗೂ ಆಗದು.

ಜೋಳ ತಿಂದು ಎಸೆದ ದಿಂಡು ಜೀರ್ಣವಾಗದು. ನುಂಗಿದರೆ ಕರುಳಿಗೆ ಅಡ್ಡ ಕೂರಬಹುದು, ಆಗ ಹೆಚ್ಚಾಗಿ ಶಸ್ತ್ರಚಿಕಿತ್ಸೆಯೇ ದಾರಿ. ಸಂಕ್ರಾಂತಿಯ ಕಬ್ಬಿನ ಸಿಪ್ಪೆಗೂ ಇದೇ ಎಚ್ಚರ.

ಹೊಸತೊಡಕು: ಮೂಳೆ, ಕೊಬ್ಬು, ಈರುಳ್ಳಿ

ಯುಗಾದಿಯ ಮಾರನೆಯ ದಿನದ ಬಾಡೂಟದಲ್ಲಿ ಬೀದಿನಾಯಿಗೂ ಪಾಲು ಸಿಗುತ್ತದೆ. ಅಪಾಯ ಮೂರು ಕಡೆಯಿಂದ.

ಬೆಂದ ಮೂಳೆ ಹಸಿ ಮೂಳೆಯ ಹಾಗೆ ಬಾಗದು. ಕಾವಿಗೆ ಬಿರುಸಾಗಿ ಚೂಪಾಗಿ ಸೀಳುತ್ತದೆ, ಗಂಟಲು, ಕರುಳು ತೂತಾಗಬಹುದು. ಕೋಳಿಮೂಳೆಯಲ್ಲಿ ಇದು ಇನ್ನೂ ಹೆಚ್ಚು.

ಕತ್ತರಿಸಿ ತೆಗೆದ ಕೊಬ್ಬು ಒಮ್ಮೆಗೇ ಹೊಟ್ಟೆಗೆ ಬಿದ್ದರೆ ಮೇದೋಜೀರಕ ಗ್ರಂಥಿಯ ಉರಿಯೂತ ಬರಬಹುದು. ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಎತ್ತಿ ನಿಲ್ಲುವ ನಾಯಿಗೆ ಹೊಟ್ಟೆನೋವು ಇರಬಹುದು; ಜೊತೆಗೆ ವಾಂತಿಯೂ ಇದ್ದರೆ ತಡಮಾಡುವಂತಿಲ್ಲ.

ಸಾರಿನ ಮಸಾಲೆಯ ಈರುಳ್ಳಿ, ಬೆಳ್ಳುಳ್ಳಿಯ ಗಂಧಕದ ಸಂಯುಕ್ತಗಳು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಕಾಣುವ ಗುರುತಿಗೆ ‘ಹೈಂಜ್ ಕಾಯ’ ಎಂದು ಹೆಸರು (ಪರೀಕ್ಷೆಗೆ ಉಪಯುಕ್ತ). ನಾಯಿಯ ಕೆ.ಜಿ. ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ರಕ್ತದಲ್ಲಿ ಗಂಭೀರ ಬದಲಾವಣೆ ತರಲು ಸಾಕು. ಬೆಳ್ಳುಳ್ಳಿ ಅದಕ್ಕಿಂತ ಪ್ರಬಲ. ಬೇಯಿಸಿದರೂ ಒಣಗಿಸಿ ಪುಡಿಮಾಡಿದರೂ ಗುಣ ಬದಲಾಗದು. ಲಕ್ಷಣ ಕಾಣಲು ಕೆಲವು ದಿನ ಹಿಡಿಯುವುದರಿಂದ ಹಬ್ಬದೂಟಕ್ಕೂ ನಾಯಿ ಸೊರಗಿದ್ದಕ್ಕೂ ನಂಟಿದೆಯೆಂದು ಮನೆಯವರಿಗೆ ಹೊಳೆಯುವುದೇ ಇಲ್ಲ.

ಸರಿಯಾದ ಕ್ರಮ: ಮಾಂಸ ತೊಳೆದ ಮೇಲೆ, ಮಸಾಲೆ ರುಬ್ಬುವ ಮೊದಲು, ಮೂಳೆ ಕೊಬ್ಬು ಇಲ್ಲದ ನಾಲ್ಕು ತುಂಡು ಎತ್ತಿಟ್ಟು ಬರಿ ನೀರಿನಲ್ಲಿ ಚೆನ್ನಾಗಿ ಬೇಯಿಸಿ. ಕೋಳಿಯಾದರೆ ಒಳಗಿನ ಬಿಸಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಆ ನೀರನ್ನೇ ಮುದ್ದೆಗೆ ಬೆರೆಸಬಹುದು.

ಅಂಗಡಿಯಿಂದ ಬರುವ ಅಪಾಯಗಳು

ಚಾಕೊಲೇಟ್: ವಿಷಾಂಶ ಥಿಯೋಬ್ರೋಮಿನ್. ನಾಯಿಯ ದೇಹದಲ್ಲಿ ಅದರ ಅರ್ಧಾಯು ಸುಮಾರು 17.5 ಗಂಟೆ. ಕೆ.ಜಿ. ತೂಕಕ್ಕೆ 20 ಮಿ.ಗ್ರಾಂ.ಗೆ ಲಕ್ಷಣ ಶುರು. 60 ದಾಟಿದರೆ ಸೆಳವು. 10 ಕೆ.ಜಿ. ನಾಯಿಗೆ ಕಪ್ಪು ಚಾಕೊಲೇಟ್ ಸುಮಾರು 40 ಗ್ರಾಂ, ಹಾಲು ಚಾಕೊಲೇಟ್ ಸುಮಾರು 100 ಗ್ರಾಂ ಆ ಮೊದಲ ಮಟ್ಟ ಮುಟ್ಟುತ್ತದೆ. ಕೋಕೋ ಪುಡಿ ಎಲ್ಲಕ್ಕಿಂತ ತೀವ್ರ.

ಕ್ಸೈಲಿಟಾಲ್: ‘ಸಕ್ಕರೆರಹಿತ’ ಚ್ಯೂಯಿಂಗ್ ಗಮ್, ಕೆಲವು ಕಡಲೆಬೀಜದ ಬೆಣ್ಣೆಗಳಲ್ಲಿ ಇರುತ್ತದೆ. ಕೆ.ಜಿ.ಗೆ 0.1 ಗ್ರಾಂ ರಕ್ತದ ಸಕ್ಕರೆ ಕುಸಿಯುವಂತೆ ಮಾಡುತ್ತದೆ, 0.5 ಗ್ರಾಂ ಯಕೃತ್ತಿಗೆ ಅಪಾಯ.

ಹೋಳಿಗೆ ಹೂರಣದ ಜಾಯಿಕಾಯಿ: ಇದರಲ್ಲಿನ ಮಿರಿಸ್ಟಿಸಿನ್ ಹೆಚ್ಚಾದರೆ ವಿಷ. ಗೋಡಂಬಿ ವಿಷವಲ್ಲ, ಕೊಬ್ಬು ಹೆಚ್ಚು. ಮೆಕಡೇಮಿಯ ಬೀಜ ವಿಷ.

ಮಾಡುವ ತಿನಿಸು: ರಾಗಿ ಬಿಲ್ಲೆ

ರಾಗಿ ಹಿಟ್ಟು 100 ಗ್ರಾಂ, ಗೋಧಿ ಹಿಟ್ಟು 50 ಗ್ರಾಂ, ಬೇಯಿಸಿ ನುಣ್ಣಗೆ ಮಾಡಿದ ಸಿಹಿಗುಂಬಳ 100 ಗ್ರಾಂ, ಮೊಟ್ಟೆ 1. ಉಪ್ಪು, ಬೆಲ್ಲ, ಸೋಡಾ, ಎಣ್ಣೆ ಏನೂ ಇಲ್ಲ. ರೊಟ್ಟಿಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ತೆಳ್ಳಗೆ ತಟ್ಟಿ, 40 ಬಿಲ್ಲೆ ಮಾಡಿ. ಇಡ್ಲಿ ಪಾತ್ರೆಯಲ್ಲಿ 10–12 ನಿಮಿಷ ಹಬೆಯಲ್ಲಿ ಬೇಯಿಸಿ, ನಂತರ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಒಣಗಿಸಿ. ಓವನ್ ಇಲ್ಲದ ಅಡುಗೆಮನೆಗೆ ಇದೇ ಸರಿಯಾದ ವಿಧಾನ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ. ಬಿಸಿಯಲ್ಲೇ ಮುಚ್ಚಿದರೆ ಬೆವರಿ ಬೂಸ್ಟು ಬರುತ್ತದೆ. ಫ್ರಿಜ್‌ನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ.

ಮುದ್ದೆ ತಿಂದ ನಾಯಿಗೆ ಪಿಷ್ಟ ಜೀರ್ಣವಾದೀತೆ ಎಂಬ ಪ್ರಶ್ನೆಗೆ ಉತ್ತರ: ಆಗುತ್ತದೆ. 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಪಿಷ್ಟ ಜೀರ್ಣಿಸುವ ಅಮೈಲೇಸ್ ಕಿಣ್ವದ ಜೀನ್ (ಎಎಂವೈ2ಬಿ) ತೋಳಕ್ಕಿಂತ ನಾಯಿಯಲ್ಲಿ ಹೆಚ್ಚು ಪ್ರತಿಗಳಲ್ಲಿದೆ. ಆದರೂ ಬರಿ ಮುದ್ದೆ ಪೂರ್ಣಾಹಾರವಲ್ಲ. ರಾಗಿಯಲ್ಲಿ ಪ್ರೋಟೀನ್ ಸುಮಾರು 7%. ವಯಸ್ಕ ನಾಯಿಯ ಆಹಾರದ ಒಣತೂಕದಲ್ಲಿ ಕನಿಷ್ಠ 18% ಇರಬೇಕೆಂಬುದು ಅಮೆರಿಕದ ಮೇವು ನಿಯಂತ್ರಣಾಧಿಕಾರಿಗಳ ಸಂಘದ (ಎಎಎಫ್‌ಸಿಒ) ಮಾನದಂಡ. ಮೊಟ್ಟೆ, ಮಾಂಸ ಅಥವಾ ಮೊಸರು ಜೊತೆಗೂಡಬೇಕು.

ಅಳತೆ: ಲೆಕ್ಕದ ಪ್ರಶ್ನೆ ಬರುವ ಭಾಗ

ವಿಶ್ರಾಂತಿಯಲ್ಲಿ ಬೇಕಾದ ಶಕ್ತಿ = 70 × (ತೂಕ ಕೆ.ಜಿ.ಯಲ್ಲಿ)ನ 0.75 ಘಾತ. 10 ಕೆ.ಜಿ. ನಾಯಿಗೆ ಸುಮಾರು 394 ಕಿಲೋಕ್ಯಾಲರಿ. ಸಂತಾನಹರಣ ಚಿಕಿತ್ಸೆಯಾದ ವಯಸ್ಕ ನಾಯಿಗೆ ಇದರ 1.6 ಪಟ್ಟು, ಅಂದರೆ ದಿನಕ್ಕೆ ಸುಮಾರು 630. ತಿನಿಸು ಇದರ 10% ಮೀರಬಾರದು: ಸುಮಾರು 60. ಮೇಲಿನ ಬಿಲ್ಲೆ ಒಂದಕ್ಕೆ ಸುಮಾರು 15 ಬೀಳುವುದರಿಂದ ದಿನಕ್ಕೆ 4 ಬಿಲ್ಲೆ. ಮಧುಮೇಹ, ಮೂತ್ರಪಿಂಡದ ಕಾಯಿಲೆ ಇರುವ ನಾಯಿ, ಗಬ್ಬದ ನಾಯಿ, ಎಳೆ ಮರಿಗೆ ವೈದ್ಯರನ್ನು ಕೇಳಿಯೇ ಕೊಡಬೇಕು.

ಹಬ್ಬವಾರು

- ಸಂಕ್ರಾಂತಿ: ಎಳ್ಳುಬೆಲ್ಲ ಬೇಡ, ಉಪ್ಪಿಲ್ಲದೆ ಬೇಯಿಸಿ ಸಿಪ್ಪೆ ತೆಗೆದ ಸಿಹಿಗೆಣಸಿನ ಹೋಳು ಕೊಡಿ.
- ಯುಗಾದಿ: ಬಿಸಿಲ ಕಾಲ. ನೀರು ಬೆರೆಸಿ ತೆಳ್ಳಗೆ ಮಾಡಿದ ಸಪ್ಪೆ ಮಜ್ಜಿಗೆ. ಹೋಳಿಗೆ ಸಾರು ಬೇಡ.
- ಗೌರಿ–ಗಣೇಶ: ಹೂರಣ ತುಂಬದ ಅಕ್ಕಿಹಿಟ್ಟಿನ ಕಡುಬು ಅರ್ಧ.
- ದೀಪಾವಳಿ: ಕಜ್ಜಾಯದ ಬದಲು ರಾಗಿ ಬಿಲ್ಲೆ. ನೇಪಾಳದಲ್ಲಿ ಇದೇ ಹೊತ್ತಿನ ತಿಹಾರ್ ಹಬ್ಬದ ಎರಡನೆಯ ದಿನ ‘ಕುಕುರ್ ತಿಹಾರ್’: ನಾಯಿಗಳಿಗೆ ಚೆಂಡುಹೂವಿನ ಮಾಲೆ, ತಿಲಕ, ಊಟ.

ಹಬ್ಬದ ತಿನಿಸಲ್ಲದಿದ್ದರೂ ಶಿಡ್ಲಘಟ್ಟದ ರೇಷ್ಮೆಹುಳದ ಪ್ಯೂಪ ಬಗ್ಗೆ ಪ್ರಶ್ನೆ ಬಂದರೆ: ಪ್ರೋಟೀನ್ ಹೇರಳವಾಗಿದೆ, ಕೋಳಿ, ಮೀನಿನ ಮೇವಿಗೆ ಬಳಕೆಯಲ್ಲಿದೆ. ನೂಲು ತೆಗೆದ ಮೇಲೆ ಬೇಗ ಕೊಳೆಯುವುದರಿಂದ ಬಿಚ್ಚಣಿಕೆ ಘಟಕದ ಹಸಿ ಪ್ಯೂಪವನ್ನು ನಾಯಿಗೆ ಹಾಕಬಾರದು.

ವಿಷ ತಿಂದಿದ್ದರೆ

ಏನು, ಎಷ್ಟು, ಎಷ್ಟು ಹೊತ್ತಿಗೆ ತಿಂದಿತು ಎಂದು ಬರೆದುಕೊಂಡು, ಪೊಟ್ಟಣವಿದ್ದರೆ ಅದರೊಂದಿಗೆ ಕೂಡಲೇ ಪಶು ಆಸ್ಪತ್ರೆಗೆ ಹೋಗಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಉಪ್ಪೇ ಮತ್ತೊಂದು ವಿಷವಾಗುತ್ತದೆ. ಲಕ್ಷಣ ಕಾಣಲಿ ಎಂದು ಕಾಯಬೇಡಿ. ಪಶುವೈದ್ಯಕೀಯ ಸಹಾಯವಾಣಿ: 1962.

ಕಾನೂನು

ಸಂವಿಧಾನದ 51ಎ(ಜಿ): ಜೀವಿಗಳ ಮೇಲೆ ದಯೆ ನಾಗರಿಕರ ಮೂಲಭೂತ ಕರ್ತವ್ಯ (42ನೇ ತಿದ್ದುಪಡಿ, 1976). ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ: 1960. ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು, 2023: ನಿಯಮ 20 ಸಮುದಾಯದ ನಾಯಿಗಳಿಗೆ ಊಟ ಹಾಕುವ ಬಗ್ಗೆ; ಅದರಂತೆ ಮಕ್ಕಳು ಆಡುವ ಜಾಗ, ಓಡಾಟದ ಬಾಗಿಲುಗಳಿಂದ ದೂರ ಜಾಗ ಗುರುತಿಸಬೇಕು. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಕೂಡ ವಾರ್ಡುವಾರು ಊಟದ ಜಾಗ ಗೊತ್ತುಪಡಿಸಲು ಹೇಳಿ, ಬೀದಿಯಲ್ಲಿ ಕಂಡಕಂಡಲ್ಲಿ ಹಾಕುವುದನ್ನು ತಡೆಯಿತು. ಆದ್ದರಿಂದ ವಿದುರಾಶ್ವತ್ಥಕ್ಕೆ ಬರುವವರು ನಾಯಿಗೆಂದು ಬಿಲ್ಲೆ ತಂದಿದ್ದರೆ ದಯವಿಟ್ಟು ಜನಸಂದಣಿಯಿಂದ ದೂರದಲ್ಲಿ ಹಾಕಿ, ಪಕ್ಕದಲ್ಲಿ ಒಂದು ಬೋಗುಣಿ ನೀರಿಡಿ, ಉಳಿದದ್ದನ್ನು ತೆಗೆದುಕೊಂಡು ಹೋಗಿ.