ಒಂದು ಹುಳುವಿನ ವಂಶವೃಕ್ಷ

ಹುಳುಗಳೆಲ್ಲವೂ ಮೇಲ್ನೋಟಕ್ಕೆ ಒಂದೇ ಬಗೆಯವಾಗಿ ತೋರಿದರೂ ಅವುಗಳ ಒಳರಚನೆ ಒಂದೇ ಅಲ್ಲ. ಎರೆಹುಳುವಿನ ಕರುಳಿಗೂ ಮೈಗೋಡೆಗೂ ನಡುವೆ ದ್ರವ ತುಂಬಿದ ಅವಕಾಶವಿದ್ದು, ಅದರ ಎರಡು ಮಗ್ಗುಲಿಗೂ ಭ್ರೂಣದ ಮಧ್ಯಪದರದಿಂದ ಹುಟ್ಟಿದ ಹೊದಿಕೆಯಿದೆ. ಚಪ್ಪಟೆಹುಳುವಿಗೆ ಈ ಅವಕಾಶವೇ ಇಲ್ಲ. ದುಂಡುಹುಳುವಿಗೆ ಅವಕಾಶವುಂಟು, ಕರುಳಿನ ಮಗ್ಗುಲಲ್ಲಿ ಮಾತ್ರ ಆ ಹೊದಿಕೆಯಿಲ್ಲ. ಇಂತಹ ಭೇದಗಳು ಭ್ರೂಣದಲ್ಲಿಯೇ ನಿಶ್ಚಯವಾಗತಕ್ಕವು. ಹಾಗಾದರೆ ಒಂದು ಜೀವಕೋಶವು ಸ್ನಾಯುವಾಗಬೇಕೆ, ಕರುಳಾಗಬೇಕೆ ಎಂಬುದನ್ನು ನಿರ್ಣಯಿಸುವುದು ಅದರ ವಂಶವೋ, ಅದರ ನೆರೆಹೊರೆಯೋ?

ಸೀನೊರಾಬ್ಡೈಟಿಸ್ ಎಲೆಗನ್ಸ್ ಎಂಬ ದುಂಡುಹುಳು ಈ ಪ್ರಶ್ನೆಗೆ ಬಹಳ ಅನುಕೂಲವಾದ ಪ್ರಾಣಿ. ಅದರ ಉದ್ದ ಸುಮಾರು 1 ಮಿಲಿಮೀಟರ್, ಮೈಯೆಲ್ಲ ಪಾರದರ್ಶಕ. 1960ರ ದಶಕದಲ್ಲಿ ಕೇಂಬ್ರಿಜ್‌ನ ಸಿಡ್ನಿ ಬ್ರೆನ್ನರ್ ಇದನ್ನು ಪ್ರಯೋಗಕ್ಕೆ ಆರಿಸಿಕೊಂಡರು. ಅವರ ಸಹೋದ್ಯೋಗಿ ಜಾನ್ ಸಲ್ಸ್ಟನ್ ಸೂಕ್ಷ್ಮದರ್ಶಕದ ಮುಂದೆ ದಿನಕ್ಕೆರಡು ಬಾರಿ, ನಾಲ್ಕು ನಾಲ್ಕು ಗಂಟೆ ಕುಳಿತು, ಸುಮಾರು ಒಂದೂವರೆ ವರ್ಷ ಭ್ರೂಣದ ಪ್ರತಿಯೊಂದು ವಿಭಜನೆಯನ್ನೂ ಕಣ್ಣಾರೆ ಕಂಡು ಗುರುತು ಹಾಕಿದರು. ಬಣ್ಣವಿಲ್ಲದ ಕೋಶಗಳು ಕಂಡುದು ಹೇಗೆ? ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಇದನ್ನು ಹೇಳದೆ ಮುಂದುವರಿಯಲು ಮನಸ್ಸಾಗದು. ಧ್ರುವೀಕೃತ ಬೆಳಕನ್ನು ಅತಿ ಸಮೀಪದ ಎರಡು ಕಿರಣಗಳಾಗಿ ಸೀಳಿ, ವಸ್ತುವಿನ ಮೂಲಕ ಹಾಯಿಸಿ, ಮತ್ತೆ ಕೂಡಿಸಿದರೆ, ದಾರಿಯಲ್ಲಿನ ವಕ್ರೀಭವನಾಂಕದ ವ್ಯತ್ಯಾಸವು ನೆರಳುಬೆಳಕಾಗಿ ತೋರುತ್ತದೆ. ನೊಮಾರ್ಸ್ಕಿಯ ಈ ವಿಧಾನವಿಲ್ಲದಿದ್ದರೆ ಸಲ್ಸ್ಟನ್ನರ ತಾಳ್ಮೆಯೂ ವ್ಯರ್ಥವಾಗುತ್ತಿತ್ತು.

1983ರಲ್ಲಿ ಭ್ರೂಣದ ಪೂರ್ಣ ವಂಶವೃಕ್ಷ ಪ್ರಕಟವಾಯಿತು. ಭ್ರೂಣದಲ್ಲಿ 671 ಕೋಶಗಳು ಹುಟ್ಟುತ್ತವೆ. 113 ಗೊತ್ತಾದ ವೇಳೆಗೆ ಸಾಯುತ್ತವೆ. ಉಳಿದ 558 ಕೋಶಗಳೊಡನೆ ಮರಿ ಮೊಟ್ಟೆಯಿಂದ ಹೊರಬರುತ್ತದೆ. ಕರುಳಿನ 20 ಕೋಶಗಳೂ ಒಂದೇ ತಾಯಿಕೋಶದ ಸಂತತಿ. ಮೊಟ್ಟೆಯಿಂದ ಮೊಟ್ಟೆಗೆ ಈ ಲೆಕ್ಕ ಬದಲಾಗುವುದು ತೀರ ಅಪರೂಪ. ಇದನ್ನು ಕಂಡವರಿಗೆ ವಂಶವೇ ಸರ್ವಸ್ವವೆಂದು ತೋರಿದರೆ ಆಶ್ಚರ್ಯವಿಲ್ಲ.

ಆದರೆ ನಿತ್ಯವೂ ಒಂದೇ ರೀತಿ ನಡೆಯುವುದೆಂಬ ಮಾತ್ರಕ್ಕೆ ಬೇರೆ ರೀತಿ ನಡೆಯಲಾರದೆಂದು ಹೇಳಲಾಗದು. ಕೋಶಗಳು ತಪ್ಪದೆ ಅದೇ ಸ್ಥಳದಲ್ಲಿ ಹುಟ್ಟುವುದಾದರೆ ಅವುಗಳ ನೆರೆಯೂ ತಪ್ಪದೆ ಅದೇ ಆಗಿರುತ್ತದಷ್ಟೆ. ಎರಡನ್ನೂ ಬೇರ್ಪಡಿಸಲು ಕೈಹಾಕಿಯೇ ನೋಡಬೇಕು.

ನಾಲ್ಕು ಕೋಶಗಳ ಹಂತದಲ್ಲಿ ಭ್ರೂಣವು ವಜ್ರಾಕೃತಿಯಲ್ಲಿರುತ್ತದೆ. ಅವುಗಳನ್ನು ಮುಂಕೋಶ, ಬೆನ್ನಿನ ಕೋಶ, ಹೊಟ್ಟೆಯ ಕೋಶ, ಹಿಂಕೋಶವೆಂದು ಕರೆಯೋಣ. ಮೊದಲಿನವೆರಡು ಒಡಹುಟ್ಟಿದವು, ಆದರೂ ಗಂಟಲಿನ ಸ್ನಾಯುಗಳ ಒಂದು ಪಾಲು ಮುಂಕೋಶದಿಂದ ಮಾತ್ರ ಹುಟ್ಟುತ್ತದೆ. 1987ರಲ್ಲಿ ಪ್ರೀಸ್ ಮತ್ತು ಥಾಮ್ಸನ್ ಎಂಬುವರು ಇವೆರಡೂ ಬೇರೆಯಾಗುತ್ತಿದ್ದ ಕ್ಷಣದಲ್ಲಿ ಸೂಜಿಯಿಂದ ಒತ್ತಿ, ಅವುಗಳ ಸ್ಥಾನವನ್ನು ಅದಲುಬದಲು ಮಾಡಿದರು. ಯಾವ ಊನವೂ ಇಲ್ಲದ ಹುಳು ಬೆಳೆಯಿತು! ಬೆನ್ನಿನ ಕೋಶವಾಗಬೇಕಾಗಿದ್ದುದು ಮುಂಕೋಶದ ಕೆಲಸವನ್ನು ಚೆನ್ನಾಗಿಯೇ ನಿರ್ವಹಿಸಿತು. ಹಿಂಕೋಶವನ್ನು ಮುಟ್ಟಿಕೊಂಡಿರುವ ಕೋಶಕ್ಕೆ ಅದರಿಂದ ರಾಸಾಯನಿಕ ಸಂಕೇತ ಒದಗುತ್ತದೆ; ಮುಟ್ಟದಿರುವುದಕ್ಕೆ ಒದಗುವುದಿಲ್ಲ.

ಕರುಳಿನ ವಿಷಯವೇನು? ವಂಶವಾದಕ್ಕೆ ಅದಕ್ಕಿಂತ ಬಲವಾದ ಆಧಾರ ಬೇರೆ ಇರಲಿಲ್ಲ. ಅದರ ತಾಯಿಕೋಶವು ಹೊಟ್ಟೆಯ ಕೋಶದ ಮಗಳು. 1992ರಲ್ಲಿ ಬಾಬ್ ಗೋಲ್ಡ್‌ಸ್ಟೈನ್ ಹೊಟ್ಟೆಯ ಕೋಶವನ್ನು ಮೊದಲೇ ಒಂಟಿಯಾಗಿ ಬೇರ್ಪಡಿಸಿದಾಗ ಕರುಳು ಹುಟ್ಟಲಿಲ್ಲ. ಹಿಂಕೋಶವನ್ನು ಮತ್ತೆ ಅದಕ್ಕೆ ತಾಗಿಸಿದಾಗ ಹುಟ್ಟಿತು. ಮರುವರ್ಷ ಹಿಂಕೋಶವನ್ನು ಎದುರು ಮಗ್ಗುಲಿಗೆ ತಾಗಿಸಿ ನೋಡಿದರು. ಕರುಳು ಆ ಎದುರು ಮಗ್ಗುಲಿನ ಮಗಳಿಂದಲೇ ಹುಟ್ಟಿತು.