ಕಳ್ಳಭಟ್ಟಿ ಕಣ್ಣನ್ನು ಕಳೆಯುವುದು ಹೇಗೆ?

ಕುಡಿತ ಕೆಟ್ಟದ್ದೆಂದು ಹಿರಿಯರು ಹೇಳುವುದನ್ನು ನಾವೆಲ್ಲರೂ ಕೇಳಿದ್ದೇವೆ. ಅದು ಏಕೆ ಕೆಟ್ಟದ್ದೆಂಬುದನ್ನು ವಿಜ್ಞಾನದ ಮೂಲಕ ತಿಳಿದುಕೊಂಡರೆ ಆ ಮಾತು ಮನಸ್ಸಿನಲ್ಲಿ ನಿಲ್ಲುತ್ತದೆ. ಸಮಯ ಬಂದಾಗ ಒಂದು ಜೀವವನ್ನೂ ಉಳಿಸೀತು.

ನಮ್ಮ ಹೊಸೂರು ಸೀಮೆಗೆ ಈ ವಿಷಯ ದೂರದ್ದಲ್ಲ. 2008ರ ಮೇ ತಿಂಗಳಲ್ಲಿ ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲಿಯೂ ಗಡಿಯಾಚೆಯ ಬೆಂಗಳೂರು, ಕೋಲಾರದ ಕಡೆಯೂ ಕಳ್ಳಭಟ್ಟಿ ಕುಡಿದು 100ಕ್ಕೂ ಹೆಚ್ಚು ಜನ ಸತ್ತರು. 2024ರ ಜೂನ್ ತಿಂಗಳಲ್ಲಿ ಕಳ್ಳಕುರಿಚ್ಚಿಯಲ್ಲಿ 60ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಎರಡು ಕಡೆಯೂ ಕೊಂದ ವಿಷ ಒಂದೇ: ಮೆಥನಾಲ್.

ರಸಾಯನಶಾಸ್ತ್ರದ ಪಾಠದಲ್ಲಿ ನಾವು ಆಲ್ಕೋಹಾಲುಗಳ ವಿಷಯ ಓದುತ್ತೇವೆ. ಮದ್ಯದಲ್ಲಿರುವುದು ಎಥನಾಲ್, ಅದರ ಅಣುವಿನಲ್ಲಿ ಎರಡು ಇಂಗಾಲದ ಪರಮಾಣುಗಳಿವೆ. ಮೆಥನಾಲಿನಲ್ಲಿ ಇರುವುದು ಒಂದೇ. ಇದು ಬಣ್ಣ, ವಾರ್ನಿಷ್ ಮುಂತಾದವುಗಳ ಕಾರ್ಖಾನೆಗಳಿಗೆ ಬೇಕಾದ ದ್ರವ. ಎರಡೂ ನೀರಿನಂತೆ ತಿಳಿ. ವಾಸನೆಯೂ ಹೆಚ್ಚುಕಡಿಮೆ ಒಂದೇ ಬಗೆ. ಮೂಸಿ ನೋಡಿ, ರುಚಿ ನೋಡಿ ಇದನ್ನು ಗುರುತಿಸಲಾಗದು. ಹಣದಾಸೆಗೆ ಬಿದ್ದವರು ಇದನ್ನೇ ಕಳ್ಳಭಟ್ಟಿಗೆ ಬೆರೆಸುತ್ತಾರೆ.

ಹೊಟ್ಟೆ ಸೇರಿದ ಮೆಥನಾಲನ್ನು ಯಕೃತ್ತಿನ ಕಿಣ್ವಗಳು ಮೊದಲು ಫಾರ್ಮಾಲ್ಡಿಹೈಡ್ ಆಗಿ, ಅನಂತರ ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಪ್ರಯೋಗಶಾಲೆಯ ಜಾಡಿಯಲ್ಲಿ ಸತ್ತ ಕಪ್ಪೆ ಕೊಳೆಯದಂತೆ ಕಾಯುವ ಫಾರ್ಮಲಿನ್ ಈ ಫಾರ್ಮಾಲ್ಡಿಹೈಡಿನ ದ್ರಾವಣವೇ. ಫಾರ್ಮಿಕ್ ಆಮ್ಲವಾದರೋ ಕೆಲವು ಇರುವೆಗಳ ದೇಹದಲ್ಲಿರುವ ವಿಷ. ಈ ಆಮ್ಲ ರಕ್ತದಲ್ಲಿ ಹೆಚ್ಚಿದರೆ ಜೀವಕೋಶಗಳು ಆಮ್ಲಜನಕವನ್ನು ಬಳಸಿಕೊಳ್ಳಲಾರವು. ಕಣ್ಣಿನ ನರಕ್ಕೆ ಈ ಪೆಟ್ಟು ಬೇಗನೆ ತಗಲುತ್ತದೆ. ಸುಮಾರು 10 ಮಿಲಿಲೀಟರ್, ಎಂದರೆ ಎರಡು ಟೀ ಚಮಚೆಯಷ್ಟು, ಶುದ್ಧ ಮೆಥನಾಲ್ ದೃಷ್ಟಿಯನ್ನು ಕಳೆಯಬಲ್ಲದು. 30 ಮಿಲಿಲೀಟರ್ ಪ್ರಾಣವನ್ನೇ ತೆಗೆಯಬಲ್ಲದು.

ಈ ವಿಷದ ಮೋಸವೆಂದರೆ ಅದು ತಡವಾಗಿ ತನ್ನ ಗುಣ ತೋರಿಸುವುದು. ಕುಡಿದವನು ರಾತ್ರಿ ಮಲಗಿ ಬೆಳಿಗ್ಗೆ ಎದ್ದಾಗ, ಸಾಮಾನ್ಯವಾಗಿ 12ರಿಂದ 24 ಗಂಟೆಗಳೊಳಗೆ, ತಲೆನೋವು, ವಾಂತಿ, ಹೊಟ್ಟೆನೋವು ತೊಡಗುತ್ತವೆ. ಕಣ್ಣಿಗೆ ಮಂಜು ಕವಿದಂತಾಗುತ್ತದೆ, ಉಸಿರಾಟ ವೇಗವಾಗುತ್ತದೆ. ಮನೆಯವರು ಇದನ್ನು ನಿನ್ನೆಯ ಅಮಲೆಂದು ತಿಳಿದು ಮಜ್ಜಿಗೆ, ನಿಂಬೆರಸ ಕೊಟ್ಟು ಮಲಗಿಸುವುದುಂಟು. ನೆರೆಹೊರೆಯವರ ನಾಚಿಕೆಗೂ ಪೊಲೀಸರ ಭಯಕ್ಕೂ ಮುಚ್ಚಿಡುವುದುಂಟು. ಜೀವ ಹೋಗುವುದು ಈ ವಿಳಂಬದಲ್ಲಿ.

ಆದುದರಿಂದ ಮಕ್ಕಳೂ ತಾಯಂದಿರೂ ನೆನಪಿಡಬೇಕಾದದ್ದಿಷ್ಟು. ಕುಡಿದವರು ಕಣ್ಣು ಮಂಜಾಗಿದೆ ಎಂದರೆ ಕಾಯಬಾರದು. ಕೂಡಲೆ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಕುಡಿದದ್ದು ಏನು, ಯಾವಾಗ ಎಂಬುದನ್ನು ವೈದ್ಯರಿಂದ ಮುಚ್ಚಿಡಬಾರದು. ಜೊತೆಗೆ ಕುಡಿದವರಿಗೆ ಇನ್ನೂ ಏನೂ ಆಗದಿದ್ದರೂ ಅವರನ್ನೂ ಕರೆದೊಯ್ಯಬೇಕು. ಯಕೃತ್ತಿನ ಆ ಕಿಣ್ವವನ್ನು ತಡೆಯುವ ಮದ್ದೂ ರಕ್ತವನ್ನು ಶುದ್ಧಿಗೊಳಿಸುವ ಡಯಾಲಿಸಿಸ್ ಯಂತ್ರವೂ ಆಸ್ಪತ್ರೆಯಲ್ಲಿವೆ, ಮನೆಮದ್ದು ಇದಕ್ಕಿಲ್ಲ.

ಹಾಗೆಂದು ಅಂಗಡಿಯ ಮದ್ಯ ನಿರಪಾಯವೆಂದು ಯಾರೂ ಭಾವಿಸಬಾರದು. ಎಥನಾಲ್ ನಿಧಾನವಾಗಿ ಯಕೃತ್ತನ್ನು ಕೆಡಿಸುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ. ಚಟಕ್ಕೆ ಸಿಕ್ಕವನು ದುಷ್ಟನಲ್ಲ, ರೋಗಿ. ಅವನಿಗೂ ಚಿಕಿತ್ಸೆಯುಂಟು. ಚಟ ಬಿಡಿಸಲು ನೆರವಾಗುವ ಉಚಿತ ದೂರವಾಣಿ ಸಂಖ್ಯೆ 14446. ಬೈಗುಳದಿಂದ ಬಿಡದ ಚಟ ಚಿಕಿತ್ಸೆಯಿಂದ ಬಿಟ್ಟೀತು. ಈ ಸಂಖ್ಯೆಯನ್ನೂ 108ನ್ನೂ ಮನೆಯ ಗೋಡೆಯ ಮೇಲೆ ಇಂದೇ ಬರೆದಿಡೋಣ.